ಆಡ್ಸ್ ಅನುಪಾತ: ಭಾಗಶಃ ಅದೇ ರೋಗಿಗಳಿರುವ ವರ್ಷಗಳ ಹೋಲಿಕೆ

ಒಂದು ಗುಂಪಿನಲ್ಲಿ ರೋಗ ಇರುವವರ ಸಂಖ್ಯೆಯನ್ನು ಇಲ್ಲದವರ ಸಂಖ್ಯೆಯಿಂದ ಭಾಗಿಸಿದರೆ ಆಡ್ಸ್ ಸಿಗುತ್ತದೆ. ಎರಡು ಗುಂಪುಗಳ ಆಡ್ಸ್‌ಗಳ ಭಾಗಲಬ್ಧವೇ ಆಡ್ಸ್ ಅನುಪಾತ. ಮೊದಲ ವರ್ಷ ಲೆಕ್ಕಕ್ಕೆ ಬಂದವರಲ್ಲಿ ಕೆಲವರು ಮುಂದಿನ ವರ್ಷವೂ ಬಂದರೆ ಆ ಎರಡು ವರ್ಷಗಳ ಅಂದಾಜುಗಳು ಪರಸ್ಪರ ಸ್ವತಂತ್ರವಲ್ಲ.

ಕರ್ನಾಟಕದಲ್ಲಿ ಇದಕ್ಕೆ ತಕ್ಕ ಉದಾಹರಣೆ, ಆವಾಹನ್ ಎಚ್‌ಐವಿ ತಡೆ ಯೋಜನೆಯಡಿ 2000ರ ದಶಕದಲ್ಲಿ ಬಳ್ಳಾರಿ, ಬೆಳಗಾವಿ, ಮೈಸೂರು, ಶಿವಮೊಗ್ಗ, ಬೆಂಗಳೂರಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ನಡೆದ ಎರಡು ಸುತ್ತಿನ ಸಮೀಕ್ಷೆ. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಚ್‌ಐವಿ ಪ್ರಮಾಣ ಶೇ 19.6ರಿಂದ 16.4ಕ್ಕೆ ಇಳಿಯಿತು. ಆಡ್ಸ್ 0.244 ಇದ್ದದ್ದು 0.196 ಆಯಿತು, ಅನುಪಾತ 0.80. ಗುಂಪುಗಳ ಸ್ವರೂಪದ ವ್ಯತ್ಯಾಸ ಸರಿದೂಗಿಸಿದ ಮೇಲೆ 0.81.

ಎಚ್‌ಐವಿ ಒಮ್ಮೆ ತಗುಲಿದರೆ ಹೋಗುವುದಿಲ್ಲ. ಆದ್ದರಿಂದ ಎರಡೂ ಸುತ್ತಿನಲ್ಲಿ ಸಿಕ್ಕ ಮಹಿಳೆಯರಲ್ಲಿ ಪ್ರಮಾಣ ಇಳಿಯುವಂತೆಯೇ ಇಲ್ಲ. ಇಳಿಕೆಗೆ ಹೊಸದಾಗಿ ಸೇರಿದವರು, ಬಿಟ್ಟುಹೋದವರು, ತೀರಿಕೊಂಡವರೇ ಕಾರಣ. ಸೋಂಕು ತಡೆದದ್ದರ ಫಲ ಯಾವುದು, ಸಾವಿನ ಫಲ ಯಾವುದು ಎಂದು ಅನುಪಾತವೊಂದೇ ಹೇಳದು. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಇದು.

ಎರಡು ಸುತ್ತುಗಳ ನಡುವೆ ಜನರಷ್ಟೇ ಅಲ್ಲ, ಕಾಲ ಕಳೆದಂತೆ ಜಿಲ್ಲೆಯ ಗಡಿಯೂ ಬದಲಾಗುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸಮೀಕ್ಷೆಯ ಕಾಲಕ್ಕೆ ಬಳ್ಳಾರಿ ಜಿಲ್ಲೆಯವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. 1997ರಲ್ಲಿ ದಾವಣಗೆರೆಗೆ ಸೇರಿದ ಹರಪನಹಳ್ಳಿ ಮುಂದೆ ಬಳ್ಳಾರಿಗೆ ಮರಳಿತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಹೀಗಾಗಿ ಬಳ್ಳಾರಿಯ ಹಳೆಯ, ಹೊಸ ಅಂಕಿಗಳನ್ನು ತಾಲ್ಲೂಕುವಾರು ಬಿಡಿಸದೆ ಹೋಲಿಸುವುದು ತಪ್ಪು.

ಇನ್ನು ಎರಡು ವರ್ಷಗಳ ಹೋಲಿಕೆಯ ಲೆಕ್ಕ ನಡೆಯುವುದು ಲಾಗ್ ಮಾಪಕದಲ್ಲಿ. ಲಾಗ್ ಆಡ್ಸ್‌ಗಳ ವ್ಯತ್ಯಾಸದ ವೇರಿಯನ್ಸ್ (ಏರುಪೇರಿನ ಅಳತೆ) ಎಂದರೆ ಎರಡೂ ವರ್ಷಗಳ ವೇರಿಯನ್ಸ್‌ಗಳ ಮೊತ್ತದಿಂದ ಕೋವೇರಿಯನ್ಸ್‌ನ (ಎರಡು ಅಂದಾಜುಗಳು ಒಟ್ಟಿಗೆ ಏರಿಳಿಯುವ ಅಳತೆ) ಎರಡರಷ್ಟನ್ನು ಕಳೆದದ್ದು. ಕೋವೇರಿಯನ್ಸ್ ಧನವಾಗಿದ್ದಾಗ ಅದನ್ನು ಮರೆತರೆ ನಿಜವಾದ ಬದಲಾವಣೆಯೂ ಕಣ್ತಪ್ಪಬಹುದು. ಎರಡೂ ವರ್ಷಗಳನ್ನು ಕೂಡಿಸಿ ಒಂದೇ ಅಂದಾಜು ತೆಗೆಯುವಾಗ ಇದೇ ಮರೆವು ತಿರುಗುಮುರುಗು; ಇಲ್ಲದ ಖಚಿತತೆ ತೋರುತ್ತದೆ. ಎರಡೂ ವರ್ಷ ಬಂದವರನ್ನು ಕೈಬಿಡುವುದೂ ಪರಿಹಾರವಲ್ಲ, ಉಳಿದವರು ಇಡೀ ಗುಂಪಿನ ಪ್ರತಿನಿಧಿಗಳಾಗಿರುವುದಿಲ್ಲ.

ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರದ ದಾಖಲೆಯಂತೆ ಪ್ರತಿ ರೋಗಿಗೂ ನೋಂದಣಿ ಸಂಖ್ಯೆ ಇದ್ದರೆ, ಲಿಯಾಂಗ್ ಮತ್ತು ಜೀಗರ್ 1986ರಲ್ಲಿ ಮಂಡಿಸಿದ, ಒಬ್ಬರದೇ ಹಲವು ದಾಖಲೆಗಳ ನಡುವಿನ ಸಂಬಂಧವನ್ನು ಲೆಕ್ಕಕ್ಕೆ ಹಿಡಿಯುವ ಜಿಇಇ ವಿಧಾನದಲ್ಲಿ ಆ ಸಂಖ್ಯೆಯ ಮೇಲೆ ದಾಖಲೆಗಳನ್ನು ಗುಂಪು ಮಾಡಬಹುದು. ಅಪಾಯಕಾರಿ ಅಂಶದ ಪ್ರಭಾವ ವರ್ಷದಿಂದ ವರ್ಷಕ್ಕೆ ಬದಲಾಯಿತೇ ಎಂಬುದನ್ನು ಅಂಶ ಮತ್ತು ವರ್ಷದ ಗುಣಲಬ್ಧ ಪದ ತೋರಿಸುತ್ತದೆ. ಹೆಸರು, ಸಂಖ್ಯೆ ಯಾವುದೂ ಇಲ್ಲದ ಸಮೀಕ್ಷೆಯಲ್ಲಿ ಕೋವೇರಿಯನ್ಸ್ ಸೊನ್ನೆ ಎಂದೊಮ್ಮೆ, ಸಾಧ್ಯವಿರುವ ಗರಿಷ್ಠ ಎಂದೊಮ್ಮೆ ಹಿಡಿದು ಎರಡೂ ಉತ್ತರಗಳನ್ನು ಪ್ರಕಟಿಸಬೇಕು.