ಎಲ್ಲ ಬೀಜಕ್ಕೂ ಬಿಸಿನೀರಲ್ಲ

ಜೂನ್ ಬಂತೆಂದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಬೀಜದುಂಡೆಯ ಸಂಭ್ರಮ. ನೇರಳೆ, ಹಲಸು, ನೆಲ್ಲಿ, ಹುಣಸೆ ಎಲ್ಲವನ್ನೂ ಒಂದೇ ಮಣ್ಣಿನಲ್ಲಿ ಕಲಸಿ, ಒಣಗಿಸಿ ಗುಡ್ಡಕ್ಕೆ ಎಸೆಯುತ್ತಾರೆ. ಮಕ್ಕಳ ಉತ್ಸಾಹ ದೊಡ್ಡದು, ಅದು ವ್ಯರ್ಥವಾಗಬಾರದೆಂದೇ ಈ ಮಾತು: ಉಂಡೆ ಚೆನ್ನಾಗಿ ಒಣಗುವ ಹೊತ್ತಿಗೆ ಒಳಗಿನ ನೇರಳೆ, ಹಲಸಿನ ಬೀಜಗಳು ಸಾಯುತ್ತವೆ.

ಎಲ್ಲ ಬೀಜವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಅಭ್ಯಾಸ ಹಳೆಯದು. ಬೀಜದ ಸುಪ್ತಾವಸ್ಥೆಯನ್ನು, ಅಂದರೆ ಮೊಳೆಯದೆ ಮಲಗಿರುವ ಅದರ ನಿದ್ದೆಯನ್ನು, ಮುರಿಯುವ ವಿದ್ಯೆ ನಮ್ಮಲ್ಲಿ ಬೆಳೆದದ್ದು ಮರಮುಟ್ಟಿನ ಬೆನ್ನಿಗೆ. 1921ರಲ್ಲಿ ಅರಣ್ಯಶಾಸ್ತ್ರಜ್ಞ ಟ್ರೂಪ್ ಭಾರತದ ಮರ ಬೆಳೆಸುವ ಕ್ರಮದ ಮೇಲೆ ಮೂರು ಸಂಪುಟ ತಂದರು. ಸಾಗುವಾನಿ ಬೀಜವನ್ನು ನೆನೆಸುವುದು, ಒಣಗಿಸುವುದು, ಮತ್ತೆ ನೆನೆಸುವುದು ನರ್ಸರಿಗಳ ವಾಡಿಕೆಯಾಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಿಂದ ಬೇಕಾದದ್ದು ಇದ್ದಿಲು. ಕಾಡುಹಣ್ಣನ್ನು ಕೇಳುವವರಿರಲಿಲ್ಲ.

1980ರ ನಂತರ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ಅಕೇಶಿಯಾ ಬೀಜದ ಸಿಪ್ಪೆಯೊಳಗೆ ನೀರು ಇಳಿಯದು. ಕುದಿನೀರು ಸುರಿದು ರಾತ್ರಿಯಿಡೀ ನೆನೆಹಾಕಿದರೆ ಮೊಳಕೆ ಸಲೀಸು. ಯಾವ ಕಾಡುಬೀಜಕ್ಕೂ ಬಿಸಿನೀರೇ ಮದ್ದೆಂಬ ನಂಬಿಕೆ ನಮ್ಮ ಕಡೆ ಬೇರೂರಿದ್ದು ಇಲ್ಲಿಂದ ಎಂದೇ ನನ್ನ ಎಣಿಕೆ.

ನಮ್ಮ ತಲೆಮಾರಿನವರ ಕಣ್ಣು ತೆರೆಸಿದ್ದು 1973ರಲ್ಲಿ ಬೀಜವಿಜ್ಞಾನಿ ರಾಬರ್ಟ್ಸ್ ಮಾಡಿದ ವಿಂಗಡಣೆ: ಒಣಗಿಸಿ ಇಡಬಹುದಾದ ಬೀಜಗಳು, ಒಣಗಿದರೆ ಸಾಯುವ ಬೀಜಗಳು. ನಿದ್ದೆಯ ಪ್ರಶ್ನೆಯೇ ಬೇರೆ, ಒಣಗು ತಾಳುವ ಪ್ರಶ್ನೆಯೇ ಬೇರೆ. ನೇರಳೆಗೆ ನಿದ್ದೆಯಿಲ್ಲ, ಹಣ್ಣು ತಿಂದ ವಾರದೊಳಗೆ ಬಿತ್ತಬೇಕು. ನೆಲ್ಲಿಯ ಓಟೆ ಗಟ್ಟಿ; ಮಾಗಿದ ಕಾಯಿಯನ್ನು ಬಿಸಿಲಿಗೆ ಹರವಿದರೆ ತಾನೇ ಬಿರಿದು ಬೀಜ ಬಿಡುತ್ತದೆ.

ಇವೆರಡನ್ನೂ ಮೀರಿಸಿದ್ದು ಹುಳಿಹಣ್ಣಿನ ಕಾಡುಮರ ಉಪ್ಪಾಗೆ. ಅದರ ಬೀಜ ನಿದ್ದೆಯನ್ನೂ ಮಾಡುತ್ತದೆ, ಒಣಗಿದರೆ ಸಾಯಲೂ ಸಾಯುತ್ತದೆ. ಹಾಗೇ ಬಿತ್ತಿದರೆ ಮೊಳೆಯಲು ಐದರಿಂದ ಏಳು ತಿಂಗಳು. ಅಷ್ಟರಲ್ಲಿ ಮಳೆಗಾಲ ಕಳೆದು ಪಾತಿಯ ತೇವ ಆರಿರುತ್ತದೆ. ತಿರುಳು ತೊಳೆದು, ಒಳಗಿನ ಬೇಳೆಗೆ ಗಾಯವಾಗದಂತೆ ಸಿಪ್ಪೆ ಸುಲಿದು, ಒದ್ದೆ ಮರಳಿನಲ್ಲಿ ನೆರಳಿಗಿಟ್ಟರೆ ಸುಮಾರು ಒಂದು ತಿಂಗಳಲ್ಲಿ ಮೊಳಕೆ. ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸಿದರೆ ಇನ್ನೂ ಚುರುಕು. ಆದರೆ ಕಾಡಂಚಿನ ನರ್ಸರಿಗೆ ಉಗುರೂ ತಾಳ್ಮೆಯೂ ಸಾಕು.

1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಉಪ್ಪಾಗೆ ಹಣ್ಣಿನ ಸಿಪ್ಪೆಗೆ ಬೇಡಿಕೆ ಏರಿತು. ಬೀಜದ ಗಿಡ ಫಲಕ್ಕೆ ಬರಲು ಹತ್ತು ವರ್ಷ ದಾಟಬೇಕು, ಬಂದಾಗ ಗಂಡಾದರೆ ಕಾಯಿಯೇ ಇಲ್ಲ. ಹಾಗಾಗಿ ಎಲ್ಲರೂ ಕಸಿಯತ್ತ ಹೊರಳಿದರು. ತೋಟಕ್ಕೆ ಅದು ಸರಿ. ಕಾಡಿಗೆ ಗಂಡೂ ಬೇಕು, ತಾಯಿಮರಗಳ ವೈವಿಧ್ಯವೂ ಬೇಕು. ಅದು ಬೀಜದಿಂದಲೇ ಬರಬೇಕು.

2012ರಿಂದ ಶಿವಮೊಗ್ಗದಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಆದರೂ ಅಮಟೆ, ವಾಟೆಹುಳಿ, ಹೆಬ್ಬಲಸುಗಳ ಹಣ್ಣು ಯಾವ ವಾರ ಉದುರುತ್ತದೆ, ಎಷ್ಟು ದಿನದೊಳಗೆ ಪಾತಿಗೆ ಬೀಳಬೇಕು ಎಂದು ಕನ್ನಡದಲ್ಲಿ ಹೇಳುವ ಒಂದು ಹಾಳೆಯನ್ನೂ ನಾನು ಕಂಡ ನರ್ಸರಿಗಳ ಗೋಡೆಯ ಮೇಲೆ ನೋಡಿಲ್ಲ. ಬೀಜದುಂಡೆಗೆ ಮಣ್ಣು ಕಲಸುವ ಮೊದಲು ಆ ಹಾಳೆ ಅಚ್ಚಾಗಲಿ.