ಕಸದ ತೊಟ್ಟಿಯಿಂದ ಎದ್ದುಬಂದ ಚರಿತ್ರೆ

ರಾಜರು ಕಲ್ಲಿನಲ್ಲಿ ಶಾಸನ ಬರೆಸಿದರು. ಭೂಮಾಲೀಕರು ಹಕ್ಕುಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರು. ಹಾಗಾಗಿ ಅವರ ಚರಿತ್ರೆ ಬರೆಯುವುದು ನಮಗೆ ಅಷ್ಟೇನೂ ಕಷ್ಟವಲ್ಲ. ಆದರೆ ತಮ್ಮ ಕಾಗದಗಳನ್ನು ತಾವೇ ಸುಟ್ಟುಹಾಕಬೇಕಾಗಿ ಬಂದವರ ಚರಿತ್ರೆಯನ್ನು ಬರೆಯುವುದು ಹೇಗೆ? ಸಲಿಂಗಪ್ರೇಮಿಗಳು, ಹುಟ್ಟಿನ ಲಿಂಗವನ್ನು ದಾಟಿ ಬದುಕಿದವರು, ಅಂದರೆ ಇಂದು ನಾವು ಲೈಂಗಿಕ ಅಲ್ಪಸಂಖ್ಯಾತರು ಎಂದು ಕರೆಯುವ ಜನರ ವಿಷಯದಲ್ಲಿ ಈ ಪ್ರಶ್ನೆ ದೊಡ್ಡದು. ಒಂದು ಪ್ರೇಮಪತ್ರ ಪೊಲೀಸರ ಕೈಗೆ ಸಿಕ್ಕರೆ ಸಾಕ್ಷ್ಯ, ಮನೆಯವರ ಕೈಗೆ ಸಿಕ್ಕರೆ ಕಳಂಕ. ಎರಡೂ ಕಡೆ ಅದರ ಗತಿ ಬೆಂಕಿಯೇ. ಆದ್ದರಿಂದ ಇಂಥವರ ಹಳೆಯ ಪುಸ್ತಕ, ಫೋಟೊ, ಕರಪತ್ರ, ಪತ್ರಿಕೆಯ ಹರಿದ ಸಂಚಿಕೆಗಳನ್ನು ಹುಡುಕಿ ಕೂಡಿಡುವವರನ್ನು ಕೇವಲ ಹವ್ಯಾಸಿಗಳೆಂದು ನಾವು ತಳ್ಳಿಹಾಕುವಂತಿಲ್ಲ.

ಬರ್ಲಿನ್ ನಗರದ ಕಥೆ ಇದಕ್ಕೆ ನಿದರ್ಶನ. ಜರ್ಮನಿಯ ದಂಡಸಂಹಿತೆಯ 175ನೇ ಕಲಮು ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆಂದು ಸಾರಿತ್ತು. ಅದನ್ನು ರದ್ದುಪಡಿಸಬೇಕೆಂದು 1897ರಲ್ಲೇ ಸಮಿತಿ ಕಟ್ಟಿದವರು ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಯಹೂದಿ ವೈದ್ಯರು. 1919ರಲ್ಲಿ ಅವರು ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ತೆರೆದರು. ಅಲ್ಲಿ ಚಿಕಿತ್ಸೆಯಿತ್ತು, ಸಲಹೆಯಿತ್ತು, ದೊಡ್ಡ ಗ್ರಂಥಾಲಯವಿತ್ತು, ಫೋಟೊಗಳ ಸಂಗ್ರಹವಿತ್ತು. ಅದೇ ಕಾಲದ ಬರ್ಲಿನ್ನಿನಲ್ಲಿ 'ಡೇರ್ ಐಗೆನೆ', 'ಡಿ ಫ್ರಾಯಿಂಡಿನ್' ಮುಂತಾದ ಪತ್ರಿಕೆಗಳೂ ಹೊರಡುತ್ತಿದ್ದವು. ಮೊದಲನೆಯದು 1896ರಲ್ಲಿ ಹುಟ್ಟಿದ್ದು. ಎರಡನೆಯದು 1924ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾದದ್ದು.

ಹಿಟ್ಲರ್ ಅಧಿಕಾರಕ್ಕೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿ ಲೂಟಿ ಮಾಡಿದರು. ಮೇ 10ರ ರಾತ್ರಿ ಅಪೆರಾ ಚೌಕದಲ್ಲಿ ಅಲ್ಲಿನ ಪುಸ್ತಕಗಳು ಇತರ ಲೇಖಕರ ಪುಸ್ತಕಗಳೊಂದಿಗೆ ಉರಿದುಹೋದವು. ವಿದೇಶದಲ್ಲಿದ್ದ ಹಿರ್ಷ್‌ಫೆಲ್ಡ್ ತಮ್ಮ ಬದುಕಿನ ದುಡಿಮೆ ಬೂದಿಯಾಗುವುದನ್ನು ಪ್ಯಾರಿಸ್ಸಿನ ಸಿನೆಮಾ ಮಂದಿರವೊಂದರಲ್ಲಿ ಸುದ್ದಿಚಿತ್ರವಾಗಿ ನೋಡಿದರು. ಪುಸ್ತಕಗಳ ನಂತರ ಮನುಷ್ಯರ ಸರದಿ. 1935ರಲ್ಲಿ 175ನೇ ಕಲಮು ಇನ್ನಷ್ಟು ಕಠಿಣವಾಯಿತು. ನಾಜಿ ಆಡಳಿತದಲ್ಲಿ ಸುಮಾರು 50 ಸಾವಿರ ಗಂಡಸರಿಗೆ ಅದರಡಿ ಶಿಕ್ಷೆಯಾಯಿತು. ಸಾವಿರಾರು ಜನ ಯಾತನಾ ಶಿಬಿರ ಸೇರಿದರು. ಆ ಕಲಮು ಪೂರ್ತಿ ರದ್ದಾದದ್ದು 1994ರಲ್ಲಿ. ಯುದ್ಧ ಮುಗಿದ ಮೇಲೂ ಒಂದು ಫೋಟೊವನ್ನು ಮನೆಯಲ್ಲಿಡಲು ಜನ ಯಾಕೆ ಹೆದರಿದರೆಂದು ಇದರಿಂದ ಊಹಿಸಬಹುದು.

ಆದರೂ ಕೆಲವು ಉಳಿದವು. ಹಿರ್ಷ್‌ಫೆಲ್ಡ್ 1931ರಲ್ಲಿ ಶಾಂಘೈನಲ್ಲಿ ಲೀ ಶಿಯು ತೋಂಗ್ ಎಂಬ ಯುವಕನನ್ನು ಕಂಡರು. ಆತ ಅವರ ಶಿಷ್ಯನೂ ಸಂಗಾತಿಯೂ ಆದ. ಅದೇ ವರ್ಷ ಅವರಿಬ್ಬರೂ ನಮ್ಮ ದೇಶಕ್ಕೂ ಬಂದು ಹೋದರು. 1935ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಗುರು ತೀರಿಕೊಂಡಾಗ ಲೀ ಅವರ ಪಾಲಿಗೆ ಬಂದದ್ದು ಒಂದಿಷ್ಟು ಪುಸ್ತಕ, ಕಾಗದ, ಫೋಟೊ. ಅದನ್ನು ಅವರು ದೇಶದಿಂದ ದೇಶಕ್ಕೆ ಹೊತ್ತು ತಿರುಗಿದರು. 1993ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅವರು ಸತ್ತಾಗ ಆ ಸಾಮಾನು ಕಟ್ಟಡದ ಕಸಕ್ಕೆ ಹೋಯಿತು. ನೆರೆಯವರೊಬ್ಬರು ಸೂಟ್‌ಕೇಸನ್ನು ಎತ್ತಿಟ್ಟುಕೊಂಡು, ಇದು ಯಾರಿಗಾದರೂ ಬೇಕೆ ಎಂದು ಇಂಟರ್ನೆಟ್ಟಿನಲ್ಲಿ ಕೇಳಿದರು. ವರ್ಷಗಳು ಕಳೆದ ಮೇಲೆ ಆ ಪ್ರಶ್ನೆ ಬರ್ಲಿನ್ನಿನ ಸಂಶೋಧಕ ರಾಲ್ಫ್ ಡೋಸೆಯವರ ಕಣ್ಣಿಗೆ ಬಿತ್ತು. ಹಿರ್ಷ್‌ಫೆಲ್ಡರ ಖಾಸಗಿ ಟಿಪ್ಪಣಿ ಪುಸ್ತಕ ಸಿಕ್ಕಿದ್ದು ಹೀಗೆ. ಒಂದು ಪ್ರಭುತ್ವ ಅಳಿಸಲು ಹೊರಟದ್ದನ್ನು ಒಬ್ಬ ಸಂಗಾತಿಯ ನಿಷ್ಠೆ ಮತ್ತು ಒಬ್ಬ ಅಪರಿಚಿತನ ಕುತೂಹಲ ಉಳಿಸಿಕೊಟ್ಟವು.

ಈ ಬಳಗದ ಇನ್ನೊಬ್ಬರು ಹ್ಯೂಗೊ ಮಾರ್ಕುಸ್. ಯಹೂದಿ ಮನೆಯಲ್ಲಿ ಹುಟ್ಟಿದ ಈ ದಾರ್ಶನಿಕ 1925ರಲ್ಲಿ ಇಸ್ಲಾಂ ಸ್ವೀಕರಿಸಿ ಹಮೀದ್ ಆದರು. ಬರ್ಲಿನ್ನಿನ ವಿಲ್ಮರ್ಸ್‌ಡಾರ್ಫ್ ಮಸೀದಿಯ ಮುಖ್ಯ ಬರಹಗಾರರಾದರು. ಕುರ್‌ಆನಿನ ಜರ್ಮನ್ ಅನುವಾದದ ಕೆಲಸದಲ್ಲಿ ದುಡಿದರು. 1938ರಲ್ಲಿ ನಾಜಿಗಳು ಅವರನ್ನು ಶಿಬಿರಕ್ಕೆ ತಳ್ಳಿದಾಗ ಮಸೀದಿಯ ಇಮಾಮರು ಅವರ ನೆರವಿಗೆ ನಿಂತರು. ಮರುವರ್ಷ ಮಾರ್ಕುಸ್ ಸ್ವಿಟ್ಜರ್‌ಲೆಂಡಿಗೆ ಪಾರಾದರು. ಅಲ್ಲಿನ ಸಲಿಂಗಪ್ರೇಮಿಗಳ ಪತ್ರಿಕೆ 'ಡೇರ್ ಕ್ರೈಸ್'ಗೆ ಗುಪ್ತನಾಮದಲ್ಲಿ ಕಥೆ ಬರೆದರು. ಅವರ ಕಾಗದಪತ್ರಗಳು ಜ್ಯೂರಿಕ್ಕಿನ ಗ್ರಂಥಾಲಯದಲ್ಲಿ ಉಳಿಯದೆ ಹೋಗಿದ್ದರೆ ಈ ಬದುಕಿನ ಮೂರು ಮುಖಗಳನ್ನು ಒಟ್ಟಿಗೆ ಕಾಣಲು ನಮಗೆ ಸಾಧ್ಯವೇ ಆಗುತ್ತಿರಲಿಲ್ಲ. ಧರ್ಮ, ನೀತಿಗಳ ನೆಲೆಯಲ್ಲಿ ನಾವು ಏನನ್ನೇ ನಂಬಲಿ, ಇಂಥ ಮನುಷ್ಯ ಇದ್ದದ್ದು ಸತ್ಯ. ಚರಿತ್ರೆಯ ಮೊದಲ ಕರ್ತವ್ಯ ಆ ಸತ್ಯವನ್ನು ಮುಚ್ಚಿಡದಿರುವುದು.

ಸಂಗ್ರಹಕಾರರಿಗೂ ಒಂದು ಎಚ್ಚರ ಬೇಕು, ಮುಖ್ಯವಾಗಿ ಫೋಟೊಗಳ ವಿಷಯದಲ್ಲಿ. ಅಮೆರಿಕದ ಹ್ಯೂ ನಿನಿ, ನೀಲ್ ಟ್ರೆಡ್‌ವೆಲ್ ಎಂಬಿಬ್ಬರು ಹಳೆಯ ಸಾಮಾನಿನ ಅಂಗಡಿ, ಸಂತೆಗಳಲ್ಲಿ ಗಂಡಸರ ಜೋಡಿಚಿತ್ರಗಳನ್ನು ಆಯ್ದು, ಅವುಗಳಿಂದ 2020ರಲ್ಲಿ ಪುಸ್ತಕ ಹೊರತಂದರು. ಅಲ್ಲಿನ ಬಹುಪಾಲು ಜನರ ಹೆಸರು ಯಾರಿಗೂ ತಿಳಿಯದು. ನಮ್ಮೂರುಗಳ ಸ್ಟುಡಿಯೊಗಳಲ್ಲಿ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡ ದೋಸ್ತರನ್ನು ನಾವೆಲ್ಲ ಬಲ್ಲೆವು. ಅಂಥ ಫೋಟೊ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಅದರ ಹಿಂಬದಿಯ ಬರಹ, ಜೊತೆಗೆ ಸಿಕ್ಕ ಪತ್ರ, ಸ್ಟುಡಿಯೊದ ಮುದ್ರೆ ಮಾತಾಡಬೇಕು. ಬಿಡಿಬಿಡಿಯಾಗಿ ಮಾರಿದ ಕಾಗದ ಮೂಕವಾಗುವುದು ಇದೇ ಕಾರಣಕ್ಕೆ.

ಕರ್ನಾಟಕಕ್ಕೂ ಈ ಮಾತು ಸಲ್ಲುತ್ತದೆ. ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಎರಡು ವರದಿ ಪ್ರಕಟಿಸಿತು. ಲೈಂಗಿಕ ಅಲ್ಪಸಂಖ್ಯಾತರ ಮೇಲೆ, ಬೆಂಗಳೂರಿನ ಹಿಜ್ರಾಗಳ ಮೇಲೆ ನಡೆದ ಪೊಲೀಸ್ ದೌರ್ಜನ್ಯ ಅವುಗಳಲ್ಲಿ ದಾಖಲಾಗಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಹಲ್ಲು ಕಿತ್ತಿತು. ಆ ತೀರ್ಪು ಎಲ್ಲರಿಗೂ ಸಿಗುತ್ತದೆ. ಅದಕ್ಕೂ ಮೊದಲು ಟೌನ್‌ಹಾಲ್ ಮುಂದೆ ಹಂಚಿದಂಥ ಕರಪತ್ರಗಳು ಎಲ್ಲಿವೆ? ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ನೆಲೆ ಕಂಡ 'ಕಮ್ರಾ' ಎಂಬ ಸಂಗ್ರಹ ಇಂಥವನ್ನು ಕೂಡಿಡುವ ಪ್ರಯತ್ನ. ಉರ್ದು ಬಲ್ಲವರಿಗೆ ಆ ಹೆಸರು ಕೋಣೆಯನ್ನು ನೆನಪಿಸುತ್ತದೆ.

ಬೇಡದವರ ಕಾಗದವನ್ನು ಸುಡಲು ಒಂದು ರಾತ್ರಿ ಸಾಕು. ಅದನ್ನು ಮತ್ತೆ ಕೂಡಿಸಲು ತಲೆಮಾರುಗಳೇ ಬೇಕು. ತಮ್ಮ ನೆನಪುಗಳನ್ನೂ ಒಂದು ದಿನ ಯಾರಾದರೂ ಕಸವೆಂದು ಕರೆಯಬಹುದೆಂಬ ಅಂಜಿಕೆ ಇರುವ ಸಮುದಾಯಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.