ಆತಕೂರಿನ ಶಿಲಾಸ್ಮಾರಕದಲ್ಲಿ ಮರಣಚಿಹ್ನೆ ಮತ್ತು ಪದವೀಚಿಹ್ನೆ

ಮಡಿದವರಿಗೆ ಕಲ್ಲು ನಿಲ್ಲಿಸುವ ಸಂಪ್ರದಾಯವು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ಸಾಮಾನ್ಯವಾದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಅಡಿಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಕೀರ್ತಿಯ ಸ್ಥಿರತೆಯನ್ನು ಸೂಚಿಸುವ ಸೂರ್ಯಚಂದ್ರರು. ಹೀಗೆ ಮರಣವೇ ಅಲ್ಲಿ ಪದವಿಗೆ ಸೋಪಾನವಾಗಿದೆ.

ಈ ಕ್ರಮದಿಂದ ಬೇರೆಯಾದುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಇದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದರ ಕಾಲವು ಶಕವರ್ಷ 872, ಸೌಮ್ಯ ಸಂವತ್ಸರ; ಅಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದುದನ್ನೂ, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದು ಬನವಾಸಿ 12000, ಬೆಳ್ವೊಲ 300 ಮೊದಲಾದ ನಾಡುಗಳನ್ನು ಪಡೆದುದನ್ನೂ ಈ ಶಾಸನವು ತಿಳಿಸುತ್ತದೆ. ಇತಿಹಾಸಕಾರರು ಇದನ್ನು ಬಹುವಾಗಿ ಉದಾಹರಿಸುವುದು ಈ ಪಂಕ್ತಿಗಳಿಗಾಗಿಯೇ. ಆದರೆ ಕಲ್ಲನ್ನು ನಿಲ್ಲಿಸಿದ ಉದ್ದೇಶವು ಬೇರೆ.

ಬೂತುಗನ ಸೇವಕನಾದ ಮಣಲೆರನು ಆ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದನು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ, ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನು. ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ಹಿರಿಯ ಹಂದಿಯೊಂದರ ಮೇಲೆ ಬಿಡಲು, ಹಂದಿಯೂ ನಾಯೂ ಒಡನೆ ಸತ್ತವು. ಕಾಳಿಗಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯ ಪಾಪವು ತಟ್ಟುವುದೆಂದು ವಿಧಿಸಿದರು.

ಅಕ್ಷರಗಳು ಚಕ್ರವರ್ತಿಯ ಮತ್ತು ಸಾಮಂತರ ಬಿರುದುಗಳನ್ನು ಸಾರುತ್ತವೆ. ಶಿಲ್ಪದಲ್ಲಿರುವುದು ನಾಯಿ ಮತ್ತು ಹಂದಿಯ ಹೋರಾಟ. ಅಪ್ಸರೆಯರಿಲ್ಲ, ವಿಮಾನವಿಲ್ಲ. ಕಾಳಿಯ ಪದವಿಯನ್ನು ನಿಶ್ಚಯಿಸಿದುದು ದೇವಾಲಯದ ಮುಂದಣ ಸ್ಥಾನ, ಭೂದಾನ, ನಿತ್ಯಪೂಜೆ ಎಂಬ ಮೂರು.

ಯೂರೋಪಿನ ಬರೋಕ್ ಶೈಲಿಯ ಸಮಾಧಿಗಳೊಡನೆ ಇದನ್ನು ಹೋಲಿಸಬಹುದು. ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಬೆರ್ನಿನಿಯು 1678ರಲ್ಲಿ ಮುಗಿಸಿದ ಏಳನೆಯ ಅಲೆಕ್ಸಾಂಡರ್ ಪೋಪರ ಸಮಾಧಿಯಲ್ಲಿ, ಮೃತ್ಯುವು ಅಸ್ಥಿಪಂಜರರೂಪದಿಂದ ಮರಳಿನ ಗಡಿಯಾರವನ್ನೆತ್ತಿ ತೋರುತ್ತದೆ. ಮೇಲೆ ಪೋಪರು ಪ್ರಾರ್ಥನಾಮಗ್ನರಾಗಿದ್ದಾರೆ. ಅಲ್ಲಿ ಕಾಲವು ದೊಡ್ಡವರನ್ನು ಎಚ್ಚರಿಸುತ್ತದೆ. ಆತಕೂರಿನಲ್ಲಿ ಋಣವು ದೊಡ್ಡವರನ್ನು ಎಚ್ಚರಿಸುತ್ತದೆ. ಚಕ್ರವರ್ತಿಯು ಬೂತುಗನಿಗೆ ನಾಡನ್ನಿತ್ತನು. ಬೂತುಗನು ಮಣಲೆರನಿಗೆ ನಾಯನ್ನಿತ್ತನು. ಮೆಚ್ಚುಗೆಯ ಈ ಸರಣಿಯ ಕೊನೆಯಲ್ಲಿ, ಪ್ರತಿಯಾಗಿ ಏನನ್ನೂ ಬೇಡಲಾರದ ಪ್ರಾಣಿಗೆ ಕಲ್ಲು ಸಂದಿತು. ಆದುದರಿಂದ ತಕ್ಕೋಲದ ಪಂಕ್ತಿಗಳನ್ನು ಮಾತ್ರ ಉದ್ಧರಿಸಿ ಕಾಳಿಯನ್ನು ಬಿಟ್ಟರೆ ಶಾಸನದ ಅರ್ಥವು ಅಪೂರ್ಣವಾಗುವುದು.